ಇಂಟರ್ನೆಟ್ ಇಲ್ಲದ ದಿನಕ್ಕೂ ಅನ್ನ ಕೊಡುವ ಕೈಕಸುಬು: ಯಾವುದನ್ನು ಕಲಿಯಬೇಕು, ಹೇಗೆ ಉಳಿಸಿಕೊಳ್ಳಬೇಕು?

ವೈಟ್‌ಫೀಲ್ಡ್ ನಿವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ತಂತ್ರಾಂಶ ಸಂಸ್ಥೆಯೊಂದರಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಇಂಟರ್ನೆಟ್ ಇರುವವರೆಗೆ ನನ್ನ ಕೆಲಸಕ್ಕೆ ಬೆಲೆಯಿದೆ. ಅದು ಕಡಿದುಹೋದ ಊರಿನಲ್ಲಿ ನನ್ನಿಂದ ನೆರೆಮನೆಯವರಿಗೂ ಉಪಯೋಗವಿಲ್ಲ ಎಂಬ ಯೋಚನೆ ಕೆಲವು ಕಾಲದಿಂದ ನನ್ನನ್ನು ಬಿಟ್ಟಿಲ್ಲ.

ಇದನ್ನು ಬರಿಯ ಕಲ್ಪನೆಯ ಭಯವೆಂದು ತಳ್ಳಿಹಾಕಲಾಗದು. 2019ರ ಆಗಸ್ಟ್ 5ರಂದು ಜಮ್ಮು ಮತ್ತು ಕಾಶ್ಮೀರದಲ್ಲಿ ನಿಂತ ಇಂಟರ್ನೆಟ್ ಮೊದಲು 2ಜಿ ವೇಗದಲ್ಲಿ ಅಷ್ಟಿಷ್ಟು ಮರಳಿ, 4ಜಿ ಸೇವೆ ಎಲ್ಲೆಡೆ ಸಿಕ್ಕಿದ್ದು 2021ರ ಫೆಬ್ರುವರಿಯಲ್ಲಿ. 2022ರ ಜನವರಿ 15ರಂದು ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಟೊಂಗಾ ದ್ವೀಪರಾಷ್ಟ್ರವನ್ನು ಹೊರಜಗತ್ತಿಗೆ ಜೋಡಿಸಿದ್ದ ಕೇಬಲ್ ತುಂಡಾಯಿತು, ದುರಸ್ತಿಗೆ ಐದು ವಾರಕ್ಕೂ ಹೆಚ್ಚು ಸಮಯ ಹಿಡಿಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಸುರಕ್ಷತಾ ಸಂಸ್ಥೆಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತುಹೋದಾಗ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೇ ಕೈಬರಹದ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಕಳೆದ ವರ್ಷಗಳಲ್ಲಿ ಯುಪಿಐ ಕೂಡ ಕೆಲವು ಬಾರಿ ಗಂಟೆಗಟ್ಟಲೆ ಕೈಕೊಟ್ಟಿದೆ.

ಪ್ರಪಂಚ ಮುಳುಗುತ್ತದೆಂದು ಹೇಳಲು ನಾನು ಈ ಚರ್ಚೆ ಆರಂಭಿಸಿಲ್ಲ. ನನ್ನ ಪ್ರಶ್ನೆ ಇಷ್ಟೇ: ಮೊಬೈಲ್ ಹಾಗೂ ಜಾಲವಿಲ್ಲದೆ, ಕೈಯಿಂದಲೇ ಮಾಡಬಹುದಾದ, ಅಗತ್ಯ ಬಿದ್ದರೆ ಹೊಟ್ಟೆಪಾಡಿಗೂ ಆಗುವ ಒಂದು ಕಸುಬನ್ನು ವಯಸ್ಕರಾದ ನಾವು ಕಲಿಯಬೇಕೆಂದರೆ ಅದನ್ನು ಆರಿಸಿಕೊಳ್ಳುವುದು ಹೇಗೆ? ಕಸುಬು ಮಾಡಿ ಬದುಕುತ್ತಿರುವವರು ಉತ್ತರಿಸಿದರೆ ಹೆಚ್ಚು ಸಂತೋಷ.

ತಿಪಟೂರು ವೈಂಡಿಂಗ್

ಸರ್, ನಾನು ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತೇನೆ, ಎಂದರೆ ಸುಟ್ಟ ಮೋಟಾರಿನೊಳಗಿನ ತಂತಿಯ ಸುರುಳಿಗಳನ್ನು (ಕಾಯಿಲ್) ಹೊಸದಾಗಿ ಸುತ್ತಿಕೊಡುವ ಕೆಲಸ. ನಮ್ಮದು ತೆಂಗಿನ ಸೀಮೆ, ನೀರೆಲ್ಲ ಕೊಳವೆಬಾವಿಯದು. ಮೂರು ಫೇಸ್ ಕರೆಂಟ್ ಇಲ್ಲದ ಹೊತ್ತಿನಲ್ಲಿ ಕೆಪಾಸಿಟರ್ ಹಾಕಿ ಎರಡೇ ಫೇಸಿನಲ್ಲಿ ಪಂಪ್ ಓಡಿಸುವ ರೂಢಿ ಇರುವವರೆಗೆ ಮೋಟಾರ್ ಸುಡುವುದು ನಿಲ್ಲುವುದಿಲ್ಲ, ನನ್ನಂಥವರ ಕೆಲಸವೂ ನಿಲ್ಲುವುದಿಲ್ಲ.

ಯಾವ ಕಸುಬು ಎಂದು ಕೇಳುವ ಮೊದಲು ಕಸುಬಿನ ಒಳಗೆ ಏನಿರುತ್ತದೆ ಎಂಬುದನ್ನು ನೋಡಬೇಕು. ಸುಟ್ಟ ಮೋಟಾರ್ ಬಂದಾಗ ಕಾಯಿಲ್ ಕತ್ತರಿಸಿ ಎಸೆಯುವುದು ಯಾರಿಗಾದರೂ ಬರುತ್ತದೆ. ಕತ್ತರಿಸುವ ಮೊದಲು ಸ್ಲಾಟ್ (ಕಾಯಿಲ್ ಕೂರುವ ಸೀಳು) ಎಷ್ಟು, ಒಂದೊಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಯಾವ ಗೇಜು (ದಪ್ಪ), ಕಾಯಿಲ್ ಯಾವ ಸ್ಲಾಟಿನಿಂದ ಹೊರಟು ಯಾವ ಸ್ಲಾಟಿಗೆ ಇಳಿಯುತ್ತದೆ, ಕಾಯಿಲ್‌ಗಳನ್ನು ಜೋಡಿಸುವ ಎರಡು ಬಗೆಗಳಲ್ಲಿ ಕನೆಕ್ಷನ್ ಸ್ಟಾರೋ ಡೆಲ್ಟಾವೋ ಎಂಬುದನ್ನೆಲ್ಲ ಎಣಿಸಿ ಬರೆದಿಟ್ಟುಕೊಳ್ಳಬೇಕು. ಒಂದು ಸುತ್ತು ತಪ್ಪಿದರೂ ಮೋಟಾರ್ ತಿರುಗೀತು, ಆದರೆ ಕಾಯುತ್ತದೆ, ಮತ್ತೆ ಸುಡುತ್ತದೆ. ನೀರು ತುಂಬಿದ ಸಬ್‌ಮರ್ಸಿಬಲ್ ಮೋಟಾರಿನದು ಇನ್ನೂ ಕಷ್ಟದ ಕೆಲಸ: ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಸ್ಲಾಟಿನ ಒಂದು ತುದಿಯಿಂದ ತೂರಿಸಿ ಇನ್ನೊಂದು ತುದಿಯಿಂದ ಎಳೆಯುತ್ತ, ಹೊದಿಕೆ ಎಲ್ಲಿಯೂ ಗೀರಾಗದಂತೆ ಒಂದೊಂದೇ ಸುತ್ತನ್ನು ಹಾಕಬೇಕಾಗುತ್ತದೆ. ಆಮೇಲೆ ಅದನ್ನು ನೀರಿನಲ್ಲಿ ಮುಳುಗಿಸಿಟ್ಟು, ಕರೆಂಟ್ ಸೋರುತ್ತದೆಯೇ ಎಂದು ತೋರಿಸುವ ಮೆಗ್ಗರ್ ಉಪಕರಣ ಹಿಡಿದು ನೋಡಬೇಕು.

ನಮ್ಮ ಅಂಗಡಿಯಲ್ಲಿ ಒಂದು ದಪ್ಪ ನೋಟ್‌ಬುಕ್ ಇದೆ. ನನಗೆ ಕೆಲಸ ಕಲಿಸಿದ ಗುರುಗಳು ಆರಂಭಿಸಿದ್ದು, ನಾನು ಮುಂದುವರಿಸಿದ್ದು. ಯಾವ ಕಂಪನಿಯ ಎಷ್ಟು ಹೆಚ್.ಪಿ. ಮೋಟಾರಿಗೆ ಎಷ್ಟು ಸುತ್ತು, ಯಾವ ಗೇಜು ಎಂದು ಬಿಚ್ಚಿದ ಪ್ರತಿ ಮೋಟಾರಿನ ಲೆಕ್ಕ ಅದರಲ್ಲಿದೆ. ನೆಟ್‌ವರ್ಕ್ ಇಲ್ಲದ ದಿನ ನನ್ನ ಕೆಲಸ ನಿಲ್ಲದಿರುವುದಕ್ಕೆ ಕೈ ಎಷ್ಟು ಕಾರಣವೋ ಆ ನೋಟ್‌ಬುಕ್ಕೂ ಅಷ್ಟೇ ಕಾರಣ. ಈಗಿನ ಹುಡುಗರು ಕೆಲಸವನ್ನು ಚೆನ್ನಾಗಿಯೇ ಕಲಿಯುತ್ತಾರೆ, ಆದರೆ ಲೆಕ್ಕವನ್ನು ಬರೆದಿಡದೆ ಪ್ರತಿ ಸಲವೂ ಮೊಬೈಲಿನಲ್ಲಿ ಹುಡುಕುತ್ತಾರೆ. ಅಂಥವರ ಕಸುಬು ಅರ್ಧ ಅವರ ಕೈಯಲ್ಲಿದೆ, ಇನ್ನರ್ಧ ಬೇರೆ ಯಾರದೋ ಕೈಯಲ್ಲಿದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನಿಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಯಾವ ವಸ್ತು ಮತ್ತೆ ಮತ್ತೆ ಕೆಡುತ್ತದೆ ಎಂಬುದನ್ನು ಗಮನಿಸಿ. ಅದಕ್ಕೆ ಬೇಕಾದ ಸಾಮಾನು ನಿಮ್ಮ ಊರಿನ ಅಂಗಡಿಯಲ್ಲೇ ಸಿಗುವಂತಿರಲಿ.

ಸಿದ್ದಾಪುರದ ತೋಟಿಗ

ತಿಪಟೂರಿನವರು ಹೇಳಿದ್ದಕ್ಕೆ ಅಡಿಕೆ ಸೀಮೆಯ ಒಂದು ಉದಾಹರಣೆ ಸೇರಿಸುತ್ತೇನೆ. ನಮ್ಮಲ್ಲಿ ಮಳೆಗಾಲವೆಂದರೆ ಕರೆಂಟ್ ಹಾಗೂ ಟವರ್ ಎರಡೂ ದಿನಗಟ್ಟಲೆ ಇಲ್ಲದಿರುವುದು ಹೊಸತಲ್ಲ. ಅದೇ ಮಳೆಗಾಲದಲ್ಲಿಯೇ ಅಡಿಕೆಯ ಕಾಯಿ ಕೊಳೆತು ಉದುರುವ ಕೊಳೆರೋಗ ಬರುತ್ತದೆ, ಅದೇ ಹೊತ್ತಿನಲ್ಲಿಯೇ ಅದನ್ನು ತಡೆಯುವ ಬೋರ್ಡೋ ದ್ರಾವಣ ಸಿದ್ಧವಾಗಬೇಕು.

ಶೇಕಡಾ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಒಳ್ಳೆಯ ಸುಣ್ಣ, ನೂರು ಲೀಟರ್ ನೀರು ಎಂಬುದು ಎಲ್ಲರಿಗೂ ಗೊತ್ತು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು, ಕಬ್ಬಿಣದ ಪಾತ್ರೆ ಬಳಸಬಾರದು. ಹದ ಬಂದಿದೆಯೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಹಾಗೆಯೇ ಹೊಡೆದರೆ ಎಳೆಯ ಕಾಯಿ ಸುಡುತ್ತದೆ. ದ್ರಾವಣವನ್ನು ಅದೇ ದಿನ ಮುಗಿಸಬೇಕು. ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆ, ಎರಡನೆಯದು ಸುಮಾರು 40–45 ದಿನಗಳ ನಂತರ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ನೂರು ವರ್ಷಗಳ ಹಿಂದೆಯೇ ಕೊಳೆರೋಗವನ್ನು ಅಧ್ಯಯನ ಮಾಡಿ ಈ ದ್ರಾವಣವನ್ನು ತೋಟಗಳಿಗೆ ತಂದರು. ಅದಕ್ಕೂ ಮೊದಲು ಕೊನೆಗಳಿಗೆ (ಅಡಿಕೆಯ ಗೊಂಚಲುಗಳಿಗೆ) ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು, ಕೆಲವು ಕಡೆ ಈಗಲೂ ಕಟ್ಟುತ್ತಾರೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ದ್ರಾವಣ ಮಾಡುವ ಹತ್ತು ಜನ ಊರಿನಲ್ಲಿದ್ದರೂ ಕಾಲಿಗೆ ಹಗ್ಗದ ಕುಣಿಕೆ ಹಾಕಿ ಮರ ಏರಿ, ಮರವನ್ನೇ ಬಳುಕಿಸಿ ಇನ್ನೊಂದು ಮರಕ್ಕೆ ದಾಟುವ ಕೊನೆಗೌಡ ಇಲ್ಲದಿದ್ದರೆ ಅದೆಲ್ಲವೂ ಕೊಡದಲ್ಲೇ ಉಳಿಯುತ್ತದೆ. ಈಗ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ, ಅದನ್ನು ಹಿಡಿದು ನೆಲದಿಂದಲೇ ಕೊಯ್ಯುವುದನ್ನೂ ಔಷಧಿ ಹೊಡೆಯುವುದನ್ನೂ ಯುವಕರು ಕಲಿಯುತ್ತಿದ್ದಾರೆ. ಅದೂ ಒಂದು ಕೈಕಸುಬೇ. ಒಬ್ಬನ ಕೈಯಲ್ಲಿರುವ ಕಸುಬು ಇನ್ನೊಬ್ಬನ ಕಸುಬಿನ ಮೇಲೆ ನಿಂತಿರುತ್ತದೆ. ತಾನೊಬ್ಬನೇ ಎಲ್ಲ ಕಲಿತು ಬದುಕುತ್ತೇನೆ ಎಂಬ ಲೆಕ್ಕಾಚಾರ ಹಳ್ಳಿಯಲ್ಲಿ ನಡೆಯುವುದಿಲ್ಲ, ನಗರದಲ್ಲಿಯೂ ನಡೆಯಲಾರದು.

ಗುಳೇದಗುಡ್ಡದ ಮಗಳು

ಈ ಚರ್ಚೆಯನ್ನು ಗೌರವದಿಂದಲೇ ಓದಿದೆ, ಆದರೂ ಒಂದು ಆಕ್ಷೇಪವನ್ನು ದಾಖಲಿಸಲೇಬೇಕು. ನಾನು ನೇಕಾರರ ಮನೆಯವಳು. ನಮ್ಮ ಊರಿನ ಖಣ (ರವಿಕೆಯ ಬಟ್ಟೆ), ಪಕ್ಕದ ಇಳಕಲ್ಲಿನ ಸೀರೆ ಎರಡೂ ನೆಲದ ಕುಣಿಯಲ್ಲಿ ಕುಳಿತು ನೇಯುವ ಕುಣಿಮಗ್ಗದಲ್ಲಿ ಹುಟ್ಟಿದವು. ಇಳಕಲ್ ಸೀರೆಯ ಸೆರಗಿನ ಹಾಸನ್ನು (ಉದ್ದಕ್ಕೆ ಹಾಯುವ ಎಳೆಗಳನ್ನು) ಒಡಲಿನ ಹಾಸಿನೊಡನೆ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ನೋಡಿದವರಿಗೆ ಗೊತ್ತು, ಅದಕ್ಕೆ ಕಣ್ಣು ಎಷ್ಟು ಬೇಕು, ಬೆರಳು ಎಷ್ಟು ಬೇಕು ಎಂದು. ನಮ್ಮ ಅವ್ವ ಕಂಡಿಕೆ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುತ್ತಿದ್ದಳು, ಅಪ್ಪ ಮಗ್ಗದ ಕುಣಿಗೆ ಇಳಿದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಸೀರೆಯ ಲೆಕ್ಕ ನಡೆಯುತ್ತಿದ್ದುದು ನೂಲು ಕೊಟ್ಟ ಸಾವಕಾರರ ಪುಸ್ತಕದಲ್ಲಿ. ನೇಯ್ದವನಿಗೆ ಕೂಲಿ ಸಿಗುತ್ತಿತ್ತು, ಅಷ್ಟೇ. ಪವರ್‌ಲೂಮ್ ಬಂದ ಮೇಲೆ ಅದೂ ಇಳಿಯಿತು.

ಆ ಮನೆಗೆ ಇಂಟರ್ನೆಟ್ ಇರಲಿಲ್ಲ, ಕೈಕಸುಬು ಇತ್ತು. ನಮ್ಮನ್ನು ಓದಿಸಲು ಹಣ ಮಾತ್ರ ಸಾಲುತ್ತಿರಲಿಲ್ಲ. ಆದ್ದರಿಂದಲೇ ಅಪ್ಪ ನಮ್ಮಲ್ಲಿ ಯಾರಿಗೂ ಮಗ್ಗ ಕಲಿಸಲಿಲ್ಲ. ಈಗ ಒಳ್ಳೆಯ ಸಂಬಳದವರು ಕೈಕಸುಬನ್ನು ಆಪತ್ಕಾಲದ ಆಸರೆ ಎಂದು ಕರೆಯುವಾಗ, ಅದನ್ನೇ ಪೂರ್ಣಕಾಲ ನಂಬಿದವರಿಗೆ ಅದು ಯಾಕೆ ಆಸರೆಯಾಗಲಿಲ್ಲ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಈ ನಾಡಿನಲ್ಲಿ ಚಮ್ಮಾರಿಕೆ, ಕುಂಬಾರಿಕೆ, ಬುಟ್ಟಿ ಹೆಣೆಯುವುದು ಎಲ್ಲವೂ ಹುಟ್ಟಿನ ಜೊತೆ ಅಂಟಿಕೊಂಡು ಬಂದವು, ಅವುಗಳ ಜೊತೆಗೆ ಅವಮಾನವೂ ಅಂಟಿಕೊಂಡು ಬಂತು. ಅವುಗಳನ್ನು ಬಿಟ್ಟು ಓಡಿದವರು ಸೋಮಾರಿಗಳಾಗಿರಲಿಲ್ಲ.

ನಿಮ್ಮ ಆಸೆಯನ್ನು ನಾನು ತಪ್ಪೆನ್ನುವುದಿಲ್ಲ. ಒಂದು ವಿನಂತಿ ಮಾತ್ರ: ಕಲಿಯುವುದಾದರೆ, ಕಲಿಸುವವರಿಗೆ ಪೂರ್ತಿ ಕೂಲಿ ಕೊಟ್ಟು ಕಲಿಯಿರಿ. ಜಾಲ ಕೈಕೊಡುವ ದಿನಕ್ಕಾಗಿ ಕಾಯದೆ, ಇಂದೇ ಅವರ ಕೆಲಸಕ್ಕೆ ಚೌಕಾಸಿ ಮಾಡದೆ ದುಡ್ಡು ಕೊಡಿ. ಕಸುಬುದಾರ ಈ ವರ್ಷ ಬದುಕಿದರೆ ಮಾತ್ರ ಮುಂದಿನ ವರ್ಷ ಕಲಿಸಲು ಯಾರಾದರೂ ಇರುತ್ತಾರೆ.

ವೈಟ್‌ಫೀಲ್ಡ್ ನಿವಾಸಿ

ಗುಳೇದಗುಡ್ಡದ ಅಕ್ಕನವರ ಮಾತು ನನ್ನ ಪ್ರಶ್ನೆಯನ್ನೇ ಬದಲಿಸಿದೆ. ನಾನು ಕಸುಬನ್ನು ನನ್ನ ಸುರಕ್ಷತೆಯ ದೃಷ್ಟಿಯಿಂದ ಮಾತ್ರ ನೋಡಿದ್ದೆ. ಇಂದು ಆ ಕಸುಬಿಗೆ ಬೆಲೆ ಕೊಡದ ಊರಿನಲ್ಲಿ ನಾಳೆ ಅದು ಯಾರನ್ನೂ ಕಾಪಾಡಲಾರದು ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದರೆ ನನ್ನಂಥವನು ಕಲಿತು, ಕಡಿಮೆ ದರಕ್ಕೆ ಕೆಲಸ ಮಾಡಿ, ಅದನ್ನೇ ನಂಬಿದವರ ಗಿರಾಕಿಯನ್ನು ಕಿತ್ತುಕೊಳ್ಳದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನೂ ದಯವಿಟ್ಟು ಹೇಳಿ.

ಕಾಲು ಮಷಿನ್, ಹರಿಹರ

ನಾನು ಹೊಲಿಗೆ ಮಾಡುವವಳು. ಅಕ್ಕ ಹೇಳಿದ್ದು ನಿಜ, ಆದರೆ ಹೊಲಿಗೆಯಲ್ಲಿ ನಾನು ಕಂಡದ್ದು ಸ್ವಲ್ಪ ಬೇರೆ ಇದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮದುವೆಗಳು ನಿಂತು, ಬ್ಲೌಸ್‌ಗಳ ಕೆಲಸ ಒಮ್ಮೆಲೇ ಬಿದ್ದುಹೋಯಿತು. ಆಗ ಕೈಹಿಡಿದದ್ದು ಬಟ್ಟೆಯ ಮಾಸ್ಕ್. ನಮ್ಮ ಸ್ವಸಹಾಯ ಸಂಘದ ಹೆಂಗಸರು ಮನೆಮನೆಯಲ್ಲಿ ಕುಳಿತು ಹೊಲಿದರು. ಅಳತೆ ತೆಗೆದು ಕತ್ತರಿಸುವುದು ಬರುತ್ತಿದ್ದವರಿಗೆ ಯಾರೂ ಹೊಸದಾಗಿ ಏನನ್ನೂ ಕಲಿಸಬೇಕಾಗಲಿಲ್ಲ. ಕಸುಬು ಗೊತ್ತಿದ್ದರೆ ಗಿರಾಕಿ ಬದಲಾದರೂ ಕೈ ಹೊಂದಿಕೊಳ್ಳುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ವಿಷಯ. ಮೋಟಾರ್ ಹಾಕಿದ ಮಷಿನ್ ಕರೆಂಟ್ ಹೋದರೆ ನಿಲ್ಲುತ್ತದೆ, ಪೆಡಲ್ ಇರುವ ಕಾಲು ಮಷಿನ್ ನಿಲ್ಲುವುದಿಲ್ಲ. ಮೋಟಾರ್ ಹಾಕಿಸಿಕೊಂಡ ಮೇಲೂ ಬೆಲ್ಟ್ ಮತ್ತು ಪೆಡಲ್ ಬಿಚ್ಚಿ ಮಾರಬೇಡಿ ಎಂದು ನನ್ನ ಬಳಿ ಕಲಿಯಲು ಬರುವ ಹುಡುಗಿಯರಿಗೆ ಹೇಳುತ್ತೇನೆ. ದರದ ಬಗ್ಗೆ ಕೇಳಿದ್ದೀರಿ. ಬೀದಿಯಲ್ಲಿ ಉಳಿದ ಟೈಲರ್‌ಗಳು ತೆಗೆದುಕೊಳ್ಳುವಷ್ಟೇ ತೆಗೆದುಕೊಳ್ಳಿ, ಒಂದು ರೂಪಾಯಿಯೂ ಕಡಿಮೆ ಮಾಡಬೇಡಿ. ನಿಮಗೆ ಆ ಹಣ ಬೇಡವಾದರೆ ಕಲಿಸಿದವರಿಗೆ ಕೊಡಿ.

ಬಾರ್ಸಿಲೋನಾ ಕನ್ನಡಿಗ

2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ಎರಡೂ ದೇಶಗಳ ಮುಖ್ಯಭೂಮಿಯಲ್ಲಿ ವಿದ್ಯುತ್ ಹೋಯಿತು. ನಾನು ಆ ದಿನ ಇಲ್ಲಿಯೇ ಇದ್ದೆ. ರೈಲುಗಳು ದಾರಿಯಲ್ಲಿ ನಿಂತವು, ಮೊಬೈಲ್ ಜಾಲ ಸೊರಗುತ್ತ ಹೋಯಿತು, ಕಾರ್ಡ್ ಯಂತ್ರಗಳು ಸುಮ್ಮನಾದವು. ಚಿಲ್ಲರೆ ನಗದು ಇದ್ದವರು ಬ್ರೆಡ್ ಕೊಂಡರು, ಬ್ಯಾಟರಿ ರೇಡಿಯೊ ಇದ್ದವರ ಸುತ್ತ ಜನ ಸೇರಿದರು. ಹೆಚ್ಚಿನ ಕಡೆ ಮರುದಿನ ಬೆಳಗಿನೊಳಗೆ ವಿದ್ಯುತ್ ಮರಳಿತು.

ನಾನು ಗಮನಿಸಿದ ಒಂದು ಸಂಗತಿ ಈ ಚರ್ಚೆಗೆ ಸಂಬಂಧಿಸಿದ್ದು. ಅಷ್ಟು ಕಡಿಮೆ ಅವಧಿಯಲ್ಲಿ ದೊಡ್ಡ ಕಸುಬುಗಳಿಗೆ ಕೆಲಸವೇ ಬೀಳಲಿಲ್ಲ. ಉಪಯೋಗಕ್ಕೆ ಬಂದದ್ದು ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಸುರಕ್ಷಿತವಾಗಿ ಹೊರಗೆ ತರುವುದನ್ನು ಬಲ್ಲವರು, ವೃದ್ಧರಿಗೆ ನೆರವಾಗಬಲ್ಲವರು, ಕಾಗದದ ನಕ್ಷೆ ಓದಬಲ್ಲವರು. ಆದ್ದರಿಂದ ಒಂದು ದಿನದ ಸಂಕಟಕ್ಕೆ ಬೇಕಾದ ಕೌಶಲವೇ ಬೇರೆ, ಒಂದು ವರ್ಷದ ಹೊಟ್ಟೆಪಾಡಿಗೆ ಬೇಕಾದ ಕಸುಬೇ ಬೇರೆ. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿದರೆ ಉತ್ತರ ಗೊಂದಲವಾಗುತ್ತದೆ.

ಮೈಸೂರು ಹ್ಯಾಮ್

ಬಾರ್ಸಿಲೋನಾದವರು ರೇಡಿಯೊ ಪ್ರಸ್ತಾಪ ಮಾಡಿದ್ದರಿಂದ, ಮೊಬೈಲ್ ಜಾಲವಿಲ್ಲದೆ ದೂರದವರೊಡನೆ ಮಾತನಾಡಲು ಬರುವ ಹವ್ಯಾಸಿ ರೇಡಿಯೊ (ಹ್ಯಾಮ್) ಕುರಿತು ಒಂದು ಮಾತು. ಇದು ಹೊಟ್ಟೆಪಾಡಿನ ಕಸುಬಲ್ಲ, ಇದರಿಂದ ಸಂಪಾದಿಸುವುದಕ್ಕೆ ಪರವಾನಗಿಯ ನಿಯಮವೇ ಅವಕಾಶ ಕೊಡುವುದಿಲ್ಲ. ಆದರೂ ಸಂಪರ್ಕ ಕಡಿದ ದಿನಕ್ಕೆ ಇದಕ್ಕಿಂತ ನೇರವಾದ ಕೌಶಲ ನನಗೆ ತಿಳಿದಿಲ್ಲ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಅಪ್ಪಳಿಸಿದಾಗ, ಬೇರೆಯ ಉದ್ದೇಶಕ್ಕೆ ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಹವ್ಯಾಸಿ ರೇಡಿಯೊ ತಂಡವೇ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ಹನ್ನೆರಡು ವರ್ಷ ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ಆಂಟೆನಾವನ್ನು ಕೈಯಿಂದಲೇ ಕಟ್ಟಬಹುದು: 143ನ್ನು ಮೆಗಾಹರ್ಟ್ಜ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಅರ್ಧ ತರಂಗದ ತಂತಿಯ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ, ಎಂದರೆ 7.1 ಮೆಗಾಹರ್ಟ್ಜ್‌ಗೆ ಸುಮಾರು ಇಪ್ಪತ್ತು ಮೀಟರ್. ಅದನ್ನು ನಡುವೆ ಕತ್ತರಿಸಿ, ಎರಡು ತೆಂಗಿನ ಮರಗಳ ನಡುವೆ ಎಳೆದು ಕಟ್ಟಿ, ಕಾರಿನ 12 ವೋಲ್ಟ್ ಬ್ಯಾಟರಿಗೆ ಸೆಟ್ ಜೋಡಿಸಿದರೆ ಸಾವಿರ ಕಿಲೋಮೀಟರ್ ದೂರದವರೊಡನೆ ಮಾತನಾಡಲು ಸಾಧ್ಯ.

ನಿವೃತ್ತ ಐಟಿಐ ಬೋಧಕ, ಹುಬ್ಬಳ್ಳಿ

ಐಟಿಐಯಲ್ಲಿ ಫಿಟ್ಟರ್ ಹುಡುಗರಿಗೆ ಮೊದಲು ಕೊಡುವ ಕೆಲಸ ಅರ ಹಿಡಿದು ಕಬ್ಬಿಣದ ತುಂಡನ್ನು ಸಮತಟ್ಟು ಮಾಡುವುದು. ವಾರಗಟ್ಟಲೆ ಅದೇ. ಬೇಸರವಾಗುತ್ತದೆ, ಆದರೆ ಮಟ್ಟಗೋಲು ಇಟ್ಟು ಬೆಳಕಿಗೆ ಹಿಡಿದಾಗ ಎಲ್ಲಿ ಬೆಳಕು ನುಸುಳುತ್ತದೆ ಎಂದು ನೋಡಿ ನೋಡಿ, ಕೊನೆಗೆ ಅರ ತಳ್ಳುವಾಗಲೇ ತುಂಡು ಎಲ್ಲಿ ಉಬ್ಬಿದೆ ಎಂಬುದು ಅಂಗೈಗೆ ತಿಳಿಯತೊಡಗುತ್ತದೆ. ವಿಡಿಯೊ ನೋಡಿ ಇದನ್ನು ಅರ್ಥ ಮಾಡಿಕೊಳ್ಳಬಹುದು, ಪಡೆಯಲಾಗದು. ಹಾಗೆಯೇ, ಪಡೆದದ್ದು ಬಳಸದಿದ್ದರೆ ಉಳಿಯುವುದಿಲ್ಲ. ಉತ್ತಮ ಅಂಕ ತೆಗೆದು ಆಮೇಲೆ ಕಚೇರಿ ಸೇರಿದ ನನ್ನ ವಿದ್ಯಾರ್ಥಿಗಳ ಕೈ ಕೆಲವೇ ವರ್ಷಗಳಲ್ಲಿ ಮೊಂಡಾದದ್ದನ್ನು ಕಂಡಿದ್ದೇನೆ. ಆದ್ದರಿಂದ ಸಂಕಟ ಬಂದಾಗ ಹೊರತೆಗೆಯಲು ಒಂದು ಕಸುಬನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂಬುದು ಆಗದ ಮಾತು. ಅಮೆರಿಕದ ನೌಕಾ ಅಕಾಡೆಮಿಯವರು ಜಿಪಿಎಸ್ ಇದೆಯೆಂದು ನಕ್ಷತ್ರ ನೋಡಿ ದಾರಿ ಹಿಡಿಯುವ ಪಾಠವನ್ನು ಕೈಬಿಟ್ಟು, 2015ರಲ್ಲಿ ಮತ್ತೆ ಆರಂಭಿಸಬೇಕಾಯಿತು. ಪುಸ್ತಕಗಳು ಎಲ್ಲಿಯೂ ಹೋಗಿರಲಿಲ್ಲ, ನಡುವಿನ ವರ್ಷಗಳ ಅಧಿಕಾರಿಗಳಿಗೆ ಅಭ್ಯಾಸವಿರಲಿಲ್ಲ.

ಕಲಿಯುವ ಸ್ಥಳಗಳ ಬಗ್ಗೆ ಹೇಳುವುದಾದರೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ನಿರುದ್ಯೋಗಿ ಯುವಜನರಿಗೆ ಊಟ ವಸತಿ ಸಹಿತ ಉಚಿತವಾಗಿ ಅಲ್ಪಾವಧಿಯ ತರಬೇತಿ ಕೊಡುತ್ತ ಬಂದಿದೆ, ಅದೇ ಮಾದರಿಯ ಸಂಸ್ಥೆಗಳು ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇವೆ. ಪರಂಪರೆಯಿಂದ ಕಸುಬು ಮಾಡುವವರಿಗೆ 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಿದೆ: ಹದಿನೆಂಟು ಕಸುಬುಗಳು, ಉಪಕರಣಕ್ಕೆ ₹15,000, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಇವೆರಡೂ ಅವುಗಳ ಅಗತ್ಯವಿರುವವರಿಗೆ ಮೀಸಲಾದವು, ಸಂಬಳದಾರರು ಅಲ್ಲಿ ಸೀಟು ಹಿಡಿಯುವುದು ನ್ಯಾಯವಲ್ಲ. ವೈಟ್‌ಫೀಲ್ಡ್‌ನವರು ತಮ್ಮ ಬೀದಿಯ ಅಂಗಡಿಯೊಂದರಲ್ಲಿ ಶನಿವಾರ ಭಾನುವಾರ ಸಹಾಯಕನಾಗಿ ಕುಳಿತು, ಗುಳೇದಗುಡ್ಡದ ತಂಗಿ ಹೇಳಿದಂತೆ ಕಲಿಸುವವರಿಗೆ ಹಣ ಕೊಟ್ಟು ಕಲಿಯುವುದು ಸರಿಯಾದ ದಾರಿ.

ಗುಳೇದಗುಡ್ಡದ ಮಗಳು

ಬೋಧಕರ ಕೊನೆಯ ಮಾತಿಗೆ ಕೃತಜ್ಞತೆಗಳು. ಒಂದೇ ಒಂದು ಸೇರ್ಪಡೆ: ಹಣ ಕೊಟ್ಟು ಕಲಿತ ಮೇಲೆ ನಿಮ್ಮ ಲೆಕ್ಕದ, ಬರವಣಿಗೆಯ ವಿದ್ಯೆಯನ್ನು ಆ ಅಂಗಡಿಗೂ ಕೊಡಿ. ಬಿಲ್ಲು, ಸಾಲದ ಅರ್ಜಿ, ತೆರಿಗೆ ಕಾಗದಗಳಲ್ಲಿ ನೇಕಾರರು ಕಳೆದುಕೊಂಡದ್ದು ಮಗ್ಗದಲ್ಲಿ ಕಳೆದುಕೊಂಡದ್ದಕ್ಕಿಂತ ಕಡಿಮೆಯಲ್ಲ.

ವೈಟ್‌ಫೀಲ್ಡ್ ನಿವಾಸಿ

ನಮ್ಮ ಬಡಾವಣೆಯಲ್ಲಿ ಪ್ರತಿ ಮನೆಯಲ್ಲೂ ಫ್ಯಾನ್, ಮಿಕ್ಸಿ, ನೀರೆತ್ತುವ ಸಣ್ಣ ಮೋಟಾರ್ ಇವೆ, ದುರಸ್ತಿಯ ಅಂಗಡಿ ಒಂದೇ ಇದೆ. ಅಂಗಡಿಯವರೊಡನೆ ಮಾತನಾಡಿದ್ದೇನೆ. ವಾರಾಂತ್ಯದಲ್ಲಿ ಬರಲು ಒಪ್ಪಿದ್ದಾರೆ, ಕಲಿಕೆಯ ಹಣವನ್ನು ಅವರು ಹೇಳಿದಂತೆಯೇ ಕೊಡುತ್ತೇನೆ, ಅಲ್ಲಿ ಮಾಡಿದ ಕೆಲಸದ ಹಣ ಅಂಗಡಿಗೇ ಸೇರಬೇಕೆಂದೂ ನಿರ್ಧರಿಸಿದ್ದೇವೆ. ತಿಪಟೂರಿನ ಅಣ್ಣ, ಎಲ್ಲಿಂದ ಆರಂಭಿಸಲಿ?

ತಿಪಟೂರು ವೈಂಡಿಂಗ್

ಸೀಲಿಂಗ್ ಫ್ಯಾನಿನಿಂದ ಆರಂಭಿಸಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿ. ನಿಧಾನವಾಗಿ ತಿರುಗುವ ಫ್ಯಾನಿನಲ್ಲಿ ಹೆಚ್ಚಿನ ಸಲ ಸೋತಿರುವುದು ಕೆಪಾಸಿಟರ್. ಸಾಮಾನ್ಯವಾಗಿ ಅದು 2.5 ಮೈಕ್ರೊಫ್ಯಾರಡ್‌ನದು, ಹಳೆಯದರ ಮೇಲೆ ಬರೆದಿರುವ ಅಂಕಿಯನ್ನೇ ನೋಡಿ ಅಷ್ಟರದ್ದೇ ಹಾಕಿ. ಸದ್ದು ಬಂದರೆ ಬೇರಿಂಗ್ ನೋಡಿ. ಎರಡೂ ಸರಿಯಿದ್ದರೆ ಮಾತ್ರ ವೈಂಡಿಂಗ್‌ಗೆ ಹೋಗಿ, ರನ್ನಿಂಗ್ ಮತ್ತು ಸ್ಟಾರ್ಟಿಂಗ್ ಕಾಯಿಲ್‌ಗಳ ಓಮ್ಸ್ (ವಿದ್ಯುತ್ ರೋಧ) ಬೇರೆ ಬೇರೆಯಾಗಿ ಅಳೆಯಿರಿ. ಸುಟ್ಟ ಫ್ಯಾನ್ ಒಂದನ್ನು ಗುಜರಿಯಿಂದ ತಂದು, ಸುತ್ತು ಎಣಿಸುತ್ತ ಪೂರ್ತಿ ಬಿಚ್ಚಿ, ಮತ್ತೆ ಸುತ್ತಿ. ಗಿರಾಕಿಯ ಫ್ಯಾನಿನ ಮೇಲೆ ಕಲಿಯಬೇಡಿ. ಇನ್‌ಸುಲೇಷನ್ ಪೇಪರ್, ವಾರ್ನಿಷ್ ಮತ್ತು ಎರಡು ಮೂರು ಗೇಜಿನ ತಂತಿ ಸ್ವಲ್ಪ ಮನೆಯಲ್ಲಿಯೂ ಇರಲಿ. ನಿಮ್ಮ ಅಂಗಡಿಯವರು ಒಪ್ಪಿದರೆ ನಮ್ಮ ನೋಟ್‌ಬುಕ್ಕಿನ ಫ್ಯಾನ್ ಮತ್ತು ಸಣ್ಣ ಮೋಟಾರಿನ ಪುಟಗಳ ಜೆರಾಕ್ಸ್ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸುತ್ತೇನೆ, ಅವರ ಪುಸ್ತಕದ ಪ್ರತಿಯನ್ನು ನನಗೂ ಕಳುಹಿಸಲು ಹೇಳಿ. ಹೊಸ ಕಂಪನಿಗಳ ಮಿಕ್ಸಿಯ ಲೆಕ್ಕ ನನ್ನ ಬಳಿ ಇಲ್ಲ.